ಕಸಬಾ ಪೇಠೆಯ ವಾಡೆ ಮತ್ತು ಮಲಕಪ್ಪ

ಪಾಳುಬಿದ್ದ ಮನೆಯೇ ಆಗಲಿ, ಮಲಕಪ್ಪ ಕೇಳದೆ ಒಳಗೆ ಹೆಜ್ಜೆ ಇಟ್ಟವರಲ್ಲ. ಪುಣೆಯ ಅಂಚಿನ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕಾರಕೂನರಾಗಿದ್ದ ಈ ವಿಜಾಪುರದ ಮನುಷ್ಯ, ರವಿವಾರ ಬಂತೆಂದರೆ ಪುಣೆಯ ಹಳೆಯ ದೊಡ್ಡ ವಾಡೆಮನೆಗಳನ್ನು ಹುಡುಕಿಕೊಂಡು ಹೊರಡುತ್ತಿದ್ದರು, ಬಲಗಾಲನ್ನು ತುಸು ಎಳೆಯುತ್ತ, ಎತ್ತಿನ ಮೈದಡವುವವರಂತೆ ಜೀರ್ಣ ಭಿತ್ತಿಗಳನ್ನು ಅಂಗೈಯಿಂದ ಸವರುತ್ತ ನಡೆದು, ಬಾಗಿಲಿಗೆ ಬಂದೊಡನೆ ಕೆರ ಕಳಚಿ, "ಯಾರರ ಅದೀರೇನ್ರಿ?" ಎಂದು ಕೂಗಿ ಕಿವಿಗೊಟ್ಟು ನಿಲ್ಲುತ್ತಿದ್ದರು.

ಜೊತೆಗಿರುತ್ತಿದ್ದ ಹೆಂಡತಿ ಕಲ್ಲವ್ವನಿಗೆ ಇದೊಂದು ನಾಚಿಕೆ. "ಸತ್ತವರು ಓ ಅಂತಾರೇನ್ರಿ?" ಎಂದು ಕೇಳಿಯೂ ಇದ್ದಳು.

"ಅನ್ನಲಿಲ್ಲಂದ್ರ ಒಳಗ ಹೋಗೂಣು. ಓ ಅಂದ್ರ ಹೊರಗ ನಿಂದ್ರೂಣು. ಮನಿ ಅವರದು."

ಮೂವತ್ತರ ದಶಕದ ಒಂದು ಬೇಸಗೆ. ಕಸಬಾ ಪೇಠೆಯ ವಾಡೆಯೊಂದನ್ನು ಅಂದು ಕೆಡವುವವರಿದ್ದರು. ಸುಮಾರು ನಲವತ್ತು ವರ್ಷದ ಹಿಂದೆ, ಮಹಾಮಾರಿ ಪ್ಲೇಗಿನ ಕಾಲಕ್ಕೆ ಬೀಗ ಹಾಕಿ ಹೋದ ಮನೆಯವರು ಮರಳಿ ಬಂದಿರಲಿಲ್ಲ. ನಡುಹಗಲ ಬಿಸಿಲು ಕಲ್ಲನ್ನು ಕಾಯಿಸುತ್ತಿದ್ದರೂ ಕೆಡವಲೆಂದು ಬೀಗ ಒಡೆದಿಟ್ಟ ಬಾಗಿಲಿನಿಂದ ಬರುವ ಗಾಳಿ ಬಾವಿಯೊಳಗಿನದರಂತೆ ತಣ್ಣಗಿತ್ತು. ಮಲಕಪ್ಪ ಕೂಗಿದರು. ಕಲ್ಲವ್ವ ನಗಲು ಬಾಯಿ ತೆರೆದಳು. ಆಗ ಒಳಗಿನಿಂದ ಹೆಣ್ಣುದನಿಯೊಂದು, ಯಾವ ಅವಸರವೂ ಇಲ್ಲದೆ, ಕನ್ನಡದಲ್ಲೇ ಹೇಳಿತು:

"ತಡೀರಿ, ಸೀರಿ ಉಟ್ಟಿಲ್ಲ."

ಮಲಕಪ್ಪ ತಟ್ಟನೆ ಬೀದಿಯತ್ತ ಮುಖ ತಿರುಗಿಸಿದರು. ಹೆಂಗಸಿದ್ದರೆ ತಾನು ಹೋಗಬಹುದೆಂದು ಕಲ್ಲವ್ವ ಒಳಹೊಕ್ಕಳು. ಕೋಣೆಗಳೆಲ್ಲ ಬರಿದು, ನೆಲದ ಧೂಳಿನಲ್ಲಿ ಅವಳ ಹೆಜ್ಜೆಯ ಹೊರತು ಬೇರೊಂದು ಗುರುತಿಲ್ಲ. ಅವಳು ಹೊರಗೆ ಬಂದು ಗಂಡನ ಬೆನ್ನ ಹಿಂದೆ ನಿಂತಳು.

ಅಷ್ಟರಲ್ಲಿ ಕೆಡವುವ ಆಳುಗಳು ಬಂದರು. ಮಲಕಪ್ಪ ಬಾಗಿಲಿಗೆ ಅಡ್ಡ ನಿಂತು ಮರಾಠಿಯಲ್ಲಿ, "ಥಾಂಬಾ, ಆತ ಬಾಯಿ ಆಹೇ" ಎಂದರು: ನಿಲ್ಲಿ, ಒಳಗೆ ಹೆಂಗಸಿದ್ದಾಳೆ. ಆಳುಗಳು ನಕ್ಕು ಅವರನ್ನು ಬದಿಗೆ ತಳ್ಳಿದರು. ಆದರೆ ಅಡುಗೆಮನೆಯ ಹಿಂದಿನ ಗೋಡೆ ಒಡೆದಾಗ ನಗು ನಿಂತಿತು. ಅಲ್ಲೊಂದು ಮುಚ್ಚಿದ ಕಿರುಕೋಣೆ. ಮೂಲೆಯಲ್ಲಿ ಎಲುಬಿನ ಗೂಡು, ಮುಂಗೈಯಲ್ಲಿ ಇನ್ನೂ ಹಸಿರು ಬಳೆ. ಬಟ್ಟೆಯನ್ನು ಗೆದ್ದಲು ತಿಂದಿತ್ತು.

ಗದ್ದಲ ಕೇಳಿ ಬಂದ ಎದುರುಮನೆಯ ಮುದುಕಿ ಇಂದೂಬಾಯಿ ಬಳೆ ನೋಡಿ ಹೇಳಿದಳು. ಬೇನೆಯವರನ್ನೂ ಅವರ ಮನೆಯವರನ್ನೂ ಬಿಳಿಯ ಗೋರಾ ಸಿಪಾಯಿಗಳು ಮನೆಮನೆ ಹೊಕ್ಕು ಶಿಬಿರಕ್ಕೆ ಎಳೆದೊಯ್ಯುತ್ತಿದ್ದ ಕಾಲವದು. ಈ ಮನೆಯ ನಡುವಿನ ಸೊಸೆ ಕರ್ನಾಟಕದವಳು; ಜ್ವರ ಬಂದ ಮರುದಿನ ಅವಳು ತವರಿಗೆ ಹೋದಳೆಂದು ಮನೆಯವರು ಸಾರಿದರು, ವಾರದೊಳಗೆ ಊರು ಬಿಟ್ಟರು.

ಕಲ್ಲವ್ವ ಟಾಂಗಾ ಹಿಡಿದು ಖಡಕಿಗೆ ಹೋಗಿ, ತನ್ನ ಮದುವೆಯ ಇಳಕಲ್ಲ ಸೀರೆ ತಂದು, ಗಂಡಸರನ್ನೆಲ್ಲ ಹೊರಗೆ ಕಳಿಸಿ, ಒಬ್ಬಳೇ ಆ ಕೋಣೆಯೊಳಗೆ ಹೋದಳು. ಮಲಕಪ್ಪ ಅಷ್ಟು ಹೊತ್ತೂ ಬೀದಿಯತ್ತಲೇ ಮುಖ ಮಾಡಿ ನಿಂತಿದ್ದರು.

"ಉಟ್ಟಾಳ. ಬರ್ರಿ," ಎಂದು ಅವಳು ಕರೆದಳು.

ಆ ಸಂಜೆ ಮುಠಾ ನದಿಯ ದಂಡೆಯಲ್ಲಿ, ಹೂಳುವುದು ತಮ್ಮ ಪದ್ಧತಿಯಾದರೂ ಸುಡುವುದು ಆ ಮನೆಯ ಪದ್ಧತಿಯೆಂದು, ಹೆಸರರಿಯದವಳಿಗೆ ಮಲಕಪ್ಪನವರೇ ಅಗ್ನಿ ಕೊಟ್ಟರು.

ಇಂಥವರು ಊರಿಗೊಬ್ಬರು ಇರುತ್ತಾರೆ. ಇತಿಹಾಸ ಕೇಳಿದರೆ ಇಸವಿ ತಪ್ಪುತ್ತಾರೆ. ಯಾವ ಸರದಾರ ಯಾವ ಕಾಳಗದಲ್ಲಿ ಮಡಿದನೆಂಬುದು ಅವರಿಗೆ ನೆನಪಿರದು. ಸತ್ತವರ ಮುಂದೆಯೂ ಸಂಕೋಚಪಡಬಲ್ಲ ಇವರು ಪಕ್ಕದಲ್ಲಿದ್ದಾಗ ಮಾತ್ರ ಉಳಿದವರ ಕಿವಿಗೂ ಏನೋ ಬೀಳುತ್ತದೆ. ಇಲ್ಲವಾದರೆ ನಾವೆಲ್ಲ ಖಾಲಿ ಮನೆ ನೋಡಿ ಬಂದೆವೆಂದುಕೊಂಡು ನೆಮ್ಮದಿಯಿಂದ ಉಣ್ಣುತ್ತೇವೆ.