ಪುಟ್ಟಿಯನ್ನೇ ಕೇಳಿದಿರಾ?

ಹೊಡೆಯುವ ಗಂಡನನ್ನು ಬಿಟ್ಟು ಬಂದಾಯಿತು, ಇನ್ನೇನು ಕಷ್ಟ? ಏಟು ತಿಂದು ತವರಿಗೆ ಬಂದ ಹೆಣ್ಣುಮಗಳನ್ನು ಕಂಡರೆ ನಾವೆಲ್ಲ ಹೀಗೇ ಅಂದುಕೊಳ್ಳುತ್ತೇವೆ. ಬೇಕರಿಯ ಅತ್ತಿಗೆಯೂ ಹಾಗೇ ಅಂದುಕೊಂಡಿದ್ದಳು.

ಅತ್ತಿಗೆಯದು ಬಾಯಿ ಜೋರು, ಮನಸ್ಸು ಬೆಣ್ಣೆ. ಗಂಡನ ಜೊತೆ ಬೇಕರಿ ನಡೆಸುತ್ತಿದ್ದಳು. ಅವನ ತಂಗಿ ಪುಟ್ಟಿ ವರ್ಷಗಟ್ಟಲೆ ಏಟು ತಿಂದು, ಉಟ್ಟ ಬಟ್ಟೆಯಲ್ಲೇ ಇವರ ಮನೆಗೆ ಬಂದಿದ್ದಳು. ಮೈಮೇಲಿನ ಬಾಸುಂಡೆಗಳು ಮಾಯವಾದವು. ಹಿಟ್ಟು ನಾದಲು ಅವಳೂ ಬೇಕರಿಗೆ ಬರತೊಡಗಿದಳು.

ಬೇಕರಿಯೊಳಗೆ ಒಂದು ರೂಢಿ. ಕಾದ ಟ್ರೇ ಹಿಡಿದವರು "ಬಿಸಿ, ಬಿಸಿ!" ಎಂದು ಕೂಗುತ್ತಲೇ ನಡೆಯಬೇಕು. ಜಾಗ ಇಕ್ಕಟ್ಟು, ಕೂಗದಿದ್ದರೆ ಯಾರದಾದರೂ ಮೊಣಕೈ ಸುಡುತ್ತದೆ. ಮೊದಲ ದಿನ ಆ ಕೂಗಿಗೆ ಪುಟ್ಟಿ ಬೆಚ್ಚಿ ಮೇಜಿನ ಕೆಳಗೆ ಕುಳಿತುಬಿಟ್ಟಳು. ಅಯ್ಯೋ, ಕೆಲಸದವರೆಲ್ಲ ಟ್ರೇ ಇಟ್ಟು ಓಡಿಬಂದರು.

"ಇನ್ಮೇಲೆ ಯಾರೂ ಕೂಗಬಾರ್ದು. ಬಾಯಿಗೆ ಬೀಗ ಹಾಕ್ಕೊಂಡು ಬೆಕ್ಕಿನ ಹಾಗೆ ನಡೀರಿ," ಎಂದು ಅತ್ತಿಗೆ ಅಪ್ಪಣೆ ಕೊಟ್ಟಳು. ಬೀಗ ಹಾಕಿಕೊಳ್ಳಲು ಎಲ್ಲರಿಗಿಂತ ಹೆಚ್ಚು ಕಷ್ಟಪಟ್ಟವಳು ಅವಳೇ.

ಆದರೂ ಪುಟ್ಟಿ ಚೇತರಿಸಿಕೊಳ್ಳಲಿಲ್ಲ. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಮಾತುಮಾತಿಗೆ ಹಿಂದೆ ತಿರುಗಿ ನೋಡುವುದು. ಅಷ್ಟರಲ್ಲಿ ಅವಳ ಗಂಡನ ಫೋನ್ ಬಂತು, ಭಾನುವಾರ ಕರೆದುಕೊಂಡು ಹೋಗಲು ಬರುತ್ತೇನೆ ಎಂದ. ಪುಟ್ಟಿ "ಹೂಂ" ಅಂದುಬಿಟ್ಟಳು.

ಬ್ರೆಡ್ಡು ಕೊಳ್ಳಲು ಬಂದ ಆರೋಗ್ಯ ಕೇಂದ್ರದ ನರ್ಸಮ್ಮನ ಮುಂದೆ ಅತ್ತಿಗೆ ಗೋಳು ತೋಡಿಕೊಂಡಳು. "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅಂತಾರೆ. ಇವಳು ತಪ್ಪಿಸ್ಕೊಂಡು ಬಂದು ಮತ್ತೆ ದೊಣ್ಣೆ ಹುಡುಕ್ಕೊಂಡು ಹೊರಟಿದಾಳಲ್ಲ!"

"ಹೋಗ್ಲಿ ಬಿಡಿ," ಎಂದ ಪುಟ್ಟಿಯ ಅಣ್ಣ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ."

"ಅದು ಜಗಳ ಅಲ್ಲಪ್ಪಾ, ಅಪರಾಧ," ಎಂದರು ನರ್ಸಮ್ಮ. "ಮೈ ವಾಸಿಯಾಗಿದೆ, ಮನಸ್ಸು ಇನ್ನೂ ಏಟಿಗೆ ಕಾಯ್ತಾ ಇದೆ. ಅದು ನಾಟಕ ಅಲ್ಲ, ಹುಚ್ಚೂ ಅಲ್ಲ. ವಾಸಿಯಾಗೋಕೆ ಟೈಮ್ ಬೇಕು."

"ಅದಕ್ಕೇ ಅಲ್ವಾ ನರ್ಸಮ್ಮ, ನಾವು ಉಸಿರೂ ಬಿಡದೆ ಓಡಾಡ್ತಿರೋದು?"

"ಹಾಗೆ ಓಡಾಡಿ ಅಂತ ಪುಟ್ಟಿ ಹೇಳಿದ್ಲಾ? ಅವಳನ್ನ ಕೇಳಿದಿರಾ?"

ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಮೇಲೆ ಅತ್ತಿಗೆ ಪುಟ್ಟಿಯ ಎದುರಿಗೆ ಬಂದು ಕುಳಿತಳು. "ಪುಟ್ಟೀ, ನಮ್ಮಿಂದ ಏನಾದ್ರೂ ತೊಂದ್ರೆ ಆಗ್ತಿದೆಯೇನೇ?"

ಪುಟ್ಟಿ ಕೈಗಂಟಿದ ಹಿಟ್ಟನ್ನು ಉಜ್ಜಿ ತೆಗೆದಳು. ಅತ್ತಿಗೆ ಅವಸರ ಮಾಡಲಿಲ್ಲ.

"ಕೂಗಿ ಅತ್ತಿಗೆ. ಕೂಗಿದ್ರೆ ಯಾರು ಬರ್ತಿದಾರೆ ಅಂತ ಗೊತ್ತಾಗುತ್ತೆ. ಮೊದಲ ದಿನ ಅಭ್ಯಾಸ ಇರ್ಲಿಲ್ಲ, ಅಷ್ಟೆ. ಆತ ಸದ್ದಿಲ್ದೆ ಹಿಂದಿನಿಂದ ಬಂದು ಹೊಡೀತಿದ್ದ. ಇಲ್ಲಿ ನೀವೆಲ್ಲ ಮಾತೇ ನಿಲ್ಲಿಸಿದ್ರಿ. ನಾನು ಭಾರ ಆಗಿದೀನಿ, ಹೊರಟುಹೋಗ್ಲಿ ಅಂತಿದಾರೆ ಅಂದ್ಕೊಂಡೆ."

"ಭಾರಾನಾ? ನಿನ್ನ ತಲೆ!" ಅತ್ತಿಗೆ ಗಳಗಳನೆ ಅತ್ತಳು. ಒಳ್ಳೆಯದು ಮಾಡಲು ಹೋಗಿ ಆ ಹುಡುಗಿಯನ್ನು ಮತ್ತೆ ಅದೇ ಭಯಕ್ಕೆ ನೂಕಿದ್ದರು. ಕೇಳಿಸಿಕೊಂಡ ಅಣ್ಣ ತಲೆ ತಗ್ಗಿಸಿದ. "ಇದು ನಿನ್ನ ಮನೇನೂ ಹೌದು ಕಣಮ್ಮ," ಎಂದ.

ಮರುದಿನ ನರ್ಸಮ್ಮ ಪುಟ್ಟಿಯನ್ನು ಕೇಳಿಯೇ ಆಪ್ತ ಸಮಾಲೋಚಕಿಯ ಬಳಿ ಕರೆದೊಯ್ದರು. ಮನಸ್ಸಿನ ನೋವು ಕೇಳಿ ದಾರಿ ತೋರಿಸಲು ತರಬೇತಿ ಪಡೆದವರು ಅವರು. ಗಂಡ ಬಂದು ಗಲಾಟೆ ಮಾಡಿದರೆ ಯಾರಿಗೆ ಫೋನ್ ಮಾಡಬೇಕು, ಕಾನೂನಿನ ರಕ್ಷಣೆ ಹೇಗೆ ಪಡೆಯಬೇಕು ಎಂದೂ ತಿಳಿಸಿದರು. ಒಳಗೆ ಏನು ಮಾತಾಯಿತು ಎಂದು ಕೇಳಲು ಅತ್ತಿಗೆಯ ನಾಲಿಗೆ ತುರಿಸಿತು. ಕಚ್ಚಿಕೊಂಡಳು.

ಭಾನುವಾರ ಬೆಳಿಗ್ಗೆ ಅತ್ತಿಗೆಯ ಫೋನ್ ಬಡಿದುಕೊಂಡಿತು. ಅವನೇ. ಚೆನ್ನಾಗಿ ಉಗಿದು ಫೋನ್ ಇಡಬೇಕೆಂದು ಅತ್ತಿಗೆ ಬಾಯಿ ತೆರೆದವಳು, ತಡೆದು ಪುಟ್ಟಿಯ ಕಡೆ ತಿರುಗಿದಳು. "ಏನು ಹೇಳ್ಲಿ?"

"ಬರಲ್ಲ ಅಂತ ಹೇಳಿ." ಪುಟ್ಟಿ ಕೈ ಚಾಚಿದಳು. "ಬೇಡ, ಕೊಡಿ ಇಲ್ಲಿ. ನಾನೇ ಹೇಳ್ತೀನಿ."

ಹೇಳಿದಳು.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥ ಒಬ್ಬ ಹೆಣ್ಣುಮಗಳು ಇರಬಹುದು. "ಇಷ್ಟು ದಿನ ಯಾಕೆ ಸಹಿಸಿದೆ" ಎಂದು ಕೆದಕಬೇಡಿ, "ಮರೆತುಬಿಡು" ಎಂದು ಬುದ್ಧಿ ಹೇಳಬೇಡಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ನೆರವು ಸಿಗುತ್ತದೆ, ಒಪ್ಪಿದರೆ ಜೊತೆಗೆ ಹೋಗಿ. ಅದಕ್ಕೂ ಮೊದಲು ಎದುರಿಗೆ ಕುಳಿತು, ನಿನಗೆ ಏನು ಬೇಕು ಎಂದು ಕೇಳಿ. ಎಷ್ಟೋ ವರ್ಷಗಳಿಂದ ಅವಳನ್ನು ಯಾರೂ ಹಾಗೆ ಕೇಳಿಲ್ಲ.