ಎರಡು ಅಂಕಣ

ಶಟಲ್ ಆಡಿ ಬಂದ ವಿಷ್ಣುಪ್ರಸಾದ ವಕೀಲರು ಕಾಫಿ ಲೋಟವನ್ನು ಇಂಡೋರ್ ಸ್ಟೇಡಿಯಂ ಕ್ಯಾಂಟೀನಿನ ನನ್ನ ಕೌಂಟರಿನ ಮೇಲೆ ಕುಕ್ಕಿದರು.

"ನಿಮ್ಮ ಹಾಲೇಶ ನೆಲಾನೇ ಬಿಚ್ಚಿ ಮಾರ್ತಿದಾನೆ, ಸಾವಿತ್ರಮ್ಮ."

ನಾನು ಹಾಲಿನ ಉರಿ ಸಣ್ಣ ಮಾಡಿದೆ. ಆಡಿ ದಣಿದು ಬಂದವರ ಮಾತಿನಲ್ಲಿ ಅರ್ಧ ಬೆವರು, ಅರ್ಧ ಸೋತ ಸಿಟ್ಟು. ಎಲ್ಲವನ್ನೂ ಕಿವಿಗೆ ಹಾಕಿಕೊಂಡರೆ ಕ್ಯಾಂಟೀನ್ ನಡೆಸಲು ಆಗುವುದಿಲ್ಲ. ಆದರೆ 'ನಿಮ್ಮ ಹಾಲೇಶ' ಎಂದದ್ದು ಚುಚ್ಚಿತು. ಅವನನ್ನು ಇಲ್ಲಿ ಕೆಲಸಕ್ಕೆ ಸೇರಿಸಿದ್ದು ನಾನೇ. ಮೊದಲು ತನ್ನೂರು ಮಲವಗೊಪ್ಪದಿಂದ ನನಗೆ ಹಾಲು ತಂದು ಹಾಕುತ್ತಿದ್ದ. ಪಾತ್ರೆಗೆ ಸುರಿಯುವಾಗ ಒಂದು ಹನಿ ಹೊರಗೆ ಬಿದ್ದರೂ ತಾನೇ ಬಟ್ಟೆ ಹುಡುಕಿ ಒರೆಸಿ ಹೋಗುತ್ತಿದ್ದ. ಅಂಥವನ ಕೈಗೆ ಕೀ ಕೊಡಬಹುದು ಎಂದು ಸಮಿತಿಯವರಿಗೆ ಹೇಳಿದ್ದೆ. ಈಗ ಇಲ್ಲಿ ನೆಲ ಗುಡಿಸುವುದರಿಂದ ಹಿಡಿದು ನೆಟ್ ಕಟ್ಟುವುದು, ಬಾಗಿಲಿಗೆ ಬೀಗ ಹಾಕುವುದು ಎಲ್ಲ ಅವನದೇ.

"ನೆಲ ಮಾರಕ್ಕೆ ಅದೇನು ಗುಜರಿನಾ ಸರ್?" ಎಂದೆ.

"ತೇಗ ಕಣಮ್ಮ, ತೇಗ. ನಿನ್ನೆ ಗ್ಯಾಲರಿ ಹಿಂದೆ ಶೂ ಲೇಸ್ ಕಟ್ಕೋತಿದ್ದೆ. ಫೋನಲ್ಲಿ ಮಾತಾಡ್ತಿದ್ದ. 'ಎರಡು ಅಂಕಣ ಬಿಚ್ಚಾಯ್ತು ಅಣ್ಣ, ತೇಗ ಇನ್ನೂ ಗಟ್ಟಿ ಐತೆ, ಭದ್ರಾವತಿಗೆ ಹಾಕಿಸ್ತೀನಿ, ಇಂಡೋರ್ ಸ್ಟೇಡಿಯಮ್ಮಲ್ಲಿ ಯಾರಿಗೂ ಗೊತ್ತಾಗ್ಬಾರ್ದು' ಅಂದ. ಕಿವಿಯಾರೆ ಕೇಳಿದೀನಿ. ಐದನೇದು, ಆರನೇದು ಯಾಕೆ ಟಾರ್ಪಾಲು ಹೊದ್ಕೊಂಡು ಮಲಗಿದಾವೆ ಅಂತ ಈಗ ತಿಳೀತಲ್ಲ?"

ಅಂಕಣ ಎನ್ನುವ ಮಾತು ಇಲ್ಲಿಗೆ ಬಂದದ್ದೇ ಈ ವಕೀಲರ ದೆಸೆಯಿಂದ. ಶಟಲ್ ಆಡುವ ಜಾಗವನ್ನು ಮೊದಲು ಎಲ್ಲರೂ ಕೋರ್ಟು ಎನ್ನುತ್ತಿದ್ದರು. ಬೆಳಿಗ್ಗೆ ಕಕ್ಷಿದಾರರು ಫೋನ್ ಮಾಡಿದರೆ ವಕೀಲರ ಮನೆಯವರು "ಕೋರ್ಟಿಗೆ ಹೋಗಿದಾರೆ" ಎಂದುಬಿಡುತ್ತಿದ್ದರು. ಒಬ್ಬ ಪಾಪದವನು ಕಾಗದ ಪತ್ರ ಹೊತ್ತುಕೊಂಡು ನಿಜವಾದ ಕೋರ್ಟಿಗೆ ಓಡಿ, ಬಾಗಿಲು ತೆಗೆಯುವ ತನಕ ಮೆಟ್ಟಿಲ ಮೇಲೆ ಕೂತಿದ್ದನಂತೆ. ಆಮೇಲೆ ವೇದಾವತಿ ಟೀಚರ್ ಒಂದು ತೀರ್ಮಾನ ಕೊಟ್ಟರು. ನಿವೃತ್ತರಾದ ಮೇಲೂ ಅವರ ದನಿಯಲ್ಲಿ ತರಗತಿ ಇದೆ. "ಕನ್ನಡದಲ್ಲಿ ಅಂಕಣ ಅಂತ ಎಷ್ಟು ಒಳ್ಳೇ ಮಾತಿದೆ! ಅದನ್ನೇ ಅನ್ನಿ. ಎರಡರ್ಥದ ತಾಪತ್ರಯವೇ ಇರಲ್ಲ" ಎಂದು ಗೋಡೆಯ ಮೇಲೆ ಬರೆಸಿಯೂ ಬಿಟ್ಟರು. ಈಗ ಚಿಕ್ಕ ಮಕ್ಕಳೂ "ಆಂಟಿ, ಮೂರನೇ ಅಂಕಣಕ್ಕೆ ಎರಡು ಟೀ" ಎನ್ನುತ್ತಾರೆ.

"ಸೋಮವಾರ ಬೆಳಿಗ್ಗೆ ಎಲ್ಲರ ಎದುರಿಗೆ ಟಾರ್ಪಾಲು ತೆಗೆಸ್ತೀನಿ," ಎಂದರು ವಕೀಲರು. ಅವರೇ ಸಮಿತಿಯ ಕಾರ್ಯದರ್ಶಿ. "ಹಲಗೆ ಇಲ್ಲ ಅಂದ್ರೆ ಈ ತಿಂಗಳಿಗೇ ಅವನ ಗುತ್ತಿಗೆ ಮುಗೀತು. ಕೆಲಸಾನೂ ಹೋಗುತ್ತೆ, ಪೊಲೀಸ್ ಕಂಪ್ಲೇಂಟೂ ಆಗುತ್ತೆ. ನೀವು ಸೇರಿಸಿದೋನು ಅಂತ ಮೊದಲು ನಿಮಗೇ ಹೇಳ್ದೆ."

ಅವರು ಹೋದ ಮೇಲೆ ನಾನು ಒಳಗೆ ಇಣುಕಿದೆ. ಪೇಟೆಯ ನಟ್ಟನಡುವೆ ಇಷ್ಟು ದೊಡ್ಡ ಸೂರು ಇನ್ನೊಂದಿಲ್ಲ. ಹಿಂದೆ ಇಲ್ಲಿ ಗಾಡಿ ಬಿಡುವ ಬಯಲಿತ್ತು, ಹುಲ್ಲಿನ ಹೊರೆ ಮಾರುತ್ತಿದ್ದರು ಎಂದು ಹಳಬರು ಹೇಳುತ್ತಾರೆ. ಸೂರು ಎತ್ತಿ, ತೇಗದ ನೆಲ ಹಾಸಿದ್ದು ಆಟಕ್ಕೆ. ಆದರೆ ಊರಿಗೆ ಒಂದು ಸೂರು ಸಿಕ್ಕರೆ ಅದನ್ನು ಆಟಕ್ಕೊಂದೇ ಬಿಡುತ್ತಾರೆಯೇ? ಇಲ್ಲಿ ಮತ ಎಣಿಸಿದ್ದಾರೆ, ಸೀರೆ ಮಾರಿದ್ದಾರೆ, ಅಡಿಕೆ ಸುಲಿಯುವ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿ ತೋರಿಸಿದ್ದಾರೆ. ಕೊರೊನಾ ಸೂಜಿ ಚುಚ್ಚಿಸಿಕೊಂಡು ನಾನೇ ಮೂರನೇ ಅಂಕಣದಲ್ಲಿ ತೋಳು ಹಿಡಿದು ಕೂತಿದ್ದೆ. ತುಂಗೆ ಉಕ್ಕಿದ ವರ್ಷ ಹೊಳೆದಂಡೆಯ ಮನೆಯವರು ಕಬಡ್ಡಿ ಮ್ಯಾಟಿನ ಮೇಲೆ ಮಲಗಿದ್ದರು. ಒಬ್ಬಳು ತನ್ನ ಕೋಳಿಯನ್ನು ನೆಟ್ ಕಂಬಕ್ಕೆ ಕಟ್ಟಿದ್ದಳು. ಈಚೆಗೆ ಮದುವೆ ಆರತಕ್ಷತೆಗೂ ಬಾಡಿಗೆಗೆ ಕೊಡುತ್ತಾರೆ. ಹೋದ ತಿಂಗಳು ಒಂದು ದೊಡ್ಡ ಆರತಕ್ಷತೆ ಆದ ಮರುದಿನವೇ ಐದು ಮತ್ತು ಆರನೇ ಅಂಕಣದ ಮೇಲೆ ಹಾಲೇಶ ನೀಲಿ ಟಾರ್ಪಾಲು ಹಾಸಿ, ಸುತ್ತ ಹಗ್ಗ ಕಟ್ಟಿದ್ದ. ಕೇಳಿದವರಿಗೆ "ಪಾಲಿಶ್" ಎಂದಿದ್ದ. ಪಾಲಿಶ್ ವಾಸನೆ ನನಗಂತೂ ಬಂದಿರಲಿಲ್ಲ.

ಅನುಮಾನ ಒಂದು ಸಲ ಒಳಗೆ ಬಂದರೆ ಅದು ಕುರ್ಚಿ ಹುಡುಕಿಕೊಂಡು ಕೂರುತ್ತದೆ. ನಿನ್ನೆಯವರೆಗೆ ಕಾಣದ್ದೆಲ್ಲ ಈಗ ಕಾಣತೊಡಗಿತು. ಮಧ್ಯಾಹ್ನ ಆಟ ಇಲ್ಲದ ಹೊತ್ತಿನಲ್ಲಿ ಹಾಲೇಶ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದ. ಟೀಗೆ ಬಂದಾಗ ತಲೆಕೂದಲಲ್ಲಿ ಮರದ ಪುಡಿ. ಅಂಗೈಗೆ ಪಟ್ಟಿ.

ಶನಿವಾರ ಟೀ ಕೊಡುತ್ತಾ ಕೇಳಿಯೇಬಿಟ್ಟೆ. "ಕೈಗೆ ಏನಾಯ್ತೋ?"

"ಮೊಳೆ ತಾಗ್ತು ಸಾವಿತ್ರಕ್ಕ."

"ಪಾಲಿಶ್ ಹಚ್ಚೋನಿಗೆ ಮೊಳೆ ಎಲ್ಲಿಂದ ಬಂತು ಮಾರಾಯ?"

ಅವನು ಲೋಟದ ಒಳಗೇ ನೋಡಿದ.

"ಹಾಲೇಶ, ಸೋಮವಾರ ಟಾರ್ಪಾಲು ತೆಗೆಸ್ತಾರೆ. ವಕೀಲರೇ ನಿಂತು ತೆಗೆಸ್ತಾರಂತೆ. ಹೇಳೋದೇನಾದ್ರೂ ಇದ್ರೆ ಈಗ್ಲೇ ನನ್ ಹತ್ರ ಹೇಳು."

ಅವನು ತಲೆ ಎತ್ತಿದ. "ಸೋಮವಾರನಾ? ಬುಧವಾರ ಆಗಲ್ವಾ ಅಕ್ಕಾ? ಬುಧವಾರ ಆದ್ರೆ ಯಾರು ಬೇಕಾದ್ರೂ ಬಂದು ನೋಡ್ಲಿ. ನೀವೊಂದು ಮಾತು ಹೇಳ್ರೀ ಅವ್ರಿಗೆ."

"ಏನಂತ ಹೇಳ್ಲಿ?"

ಅವನು ಟೀ ಅರ್ಧಕ್ಕೇ ಬಿಟ್ಟು ಒಳಗೆ ಹೋದ. ತಪ್ಪಿಲ್ಲದವನು ಗಡುವು ಕೇಳುವುದಿಲ್ಲ.

ಭಾನುವಾರ ಭದ್ರಾವತಿಯ ಕಾಗದನಗರದಲ್ಲಿರುವ ತಂಗಿಯನ್ನು ನೋಡುವ ನೆಪ ಮಾಡಿಕೊಂಡು ಬಸ್ಸು ಹತ್ತಿದೆ. ನಾನು ಹುಟ್ಟಿ ಬೆಳೆದದ್ದು ಅಲ್ಲಿನ ಕಾರ್ಖಾನೆ ಕ್ವಾರ್ಟರ್ಸಿನಲ್ಲೇ. ಯಾವ ರಸ್ತೆಯಲ್ಲಿ ಯಾವ ಸಾಮಿಲ್ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಎರಡು ಕಡೆ ಏನೂ ಸಿಗಲಿಲ್ಲ. ಮೂರ್ತಪ್ಪನ ಸಾಮಿಲ್ಲಿಗೆ ಹೋಗಿ, ಒಲೆಗೆ ಮರದ ಹೊಟ್ಟು ಬೇಕಿತ್ತು ಎಂದೆ. ಮೂರ್ತಪ್ಪ ಊಟಕ್ಕೆ ಹೋಗಿದ್ದ. ಕೆಲಸದವನು ಚೀಲಕ್ಕೆ ಹೊಟ್ಟು ತುಂಬುತ್ತಿದ್ದಾಗ ಗೋಡೆಯ ಬದಿಗೆ ಕಣ್ಣು ಹೋಯಿತು. ಆಗ ತಾನೇ ಕೊಯ್ದ ತೇಗದ ಹಲಗೆಗಳ ಅಟ್ಟಿ. ಅದರ ಮೇಲೊಂದು ಹಳೆಯ ಹಲಗೆ. ಆ ಹಲಗೆಯ ಮೇಲೆ ಅಡ್ಡಕ್ಕೆ ಬಿಳಿ ಗೆರೆ.

ಆ ಗೆರೆಯನ್ನು ದಿನಾ ನೋಡುತ್ತೇನೆ. ಶಟಲ್ ಅದರ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂದು ಜಗಳವಾಡಿಕೊಂಡೇ ಎಲ್ಲರೂ ನನ್ನ ಕೌಂಟರಿಗೆ ಬರುವುದು.

"ಇದು ಯಾರದಪ್ಪಾ?"

"ಮಲವಗೊಪ್ಪ ಹಾಲೇಶ್ ಮಾಲು ಅಕ್ಕಾ. ಒಂದ್ ಲೋಡ್ ಹೋಯ್ತು. ಇದು ನಾಳೆ ಬೆಳಿಗ್ಗೆ ಗಾಡಿ ಬಂದು ಎತ್ತುತ್ತೆ."

ಬಸ್ಸಿನಲ್ಲಿ ಹೊಟ್ಟಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ. ವಕೀಲರು ಕೇಳಿಸಿಕೊಂಡದ್ದು ಸುಳ್ಳಲ್ಲ. ಆದರೂ ಒಂದು ಗಂಟು ಬಿಚ್ಚಲಿಲ್ಲ. ಗೆರೆ ಇದ್ದದ್ದು ಒಂದೇ ಒಂದು ಹಲಗೆಯ ಮೇಲೆ. ನಮ್ಮ ನೆಲ ಮೊದಲೇ ಹಲಗೆ. ಹಲಗೆಯನ್ನು ಒಯ್ದು ಮತ್ತೆ ಹಲಗೆಯನ್ನೇ ಯಾಕೆ ಕೊಯ್ಯಿಸುತ್ತಾನೆ? ಗುರುತು ಸಿಗಬಾರದೆಂದೇ? ಮಲವಗೊಪ್ಪ ದಾಟುವಾಗ ಕಿಟಕಿಯಿಂದ ನೋಡಿದೆ. ಅವನ ಮನೆ ಒಳಗಡೆ, ರಸ್ತೆಗೆ ಕಾಣುವುದಿಲ್ಲ. ಇಳಿದು ಹೋಗಿ ನೋಡೋಣವೆಂದು ಎದ್ದವಳು ಮತ್ತೆ ಕೂತೆ. ನೋಡಿ ಬಂದದ್ದೇ ಸಾಕಾಗಿತ್ತು.

ಸೋಮವಾರ ಆಟಕ್ಕಿಂತ ನೋಟಕ್ಕೆ ಬಂದವರೇ ಹೆಚ್ಚು. ಹಾಲೇಶ ಬಾಗಿಲು ತೆಗೆದು, ಕೀ ಗೊಂಚಲನ್ನು ನನ್ನ ಕೌಂಟರಿನ ಮೇಲಿಟ್ಟು ಹಿಂದಿನ ಗೇಟಿನ ಕಡೆ ಹೋಗಿದ್ದ. "ಓಡಿಹೋದ ನೋಡಿ," ಎಂದರು ಯಾರೋ. ವಿಷ್ಣುಪ್ರಸಾದರು ಹಗ್ಗ ಬಿಚ್ಚಿ ಟಾರ್ಪಾಲಿನ ಮೂಲೆ ಹಿಡಿದು ಎಳೆದರು.

ಐದನೇ ಅಂಕಣದಲ್ಲಿ ಹಲಗೆ ಇತ್ತು. ಆದರೆ ಅದು ನಮ್ಮ ಹಲಗೆಯಲ್ಲ. ಬಣ್ಣ ಕಪ್ಪು, ಅಲ್ಲಲ್ಲಿ ಹಳೆಯ ಮೊಳೆಯ ತೂತು. ಆರನೆಯದರಲ್ಲಿ ನೆಲವೇ ಇರಲಿಲ್ಲ. ಕೆಳಗಿನ ಮರದ ರೀಪರು ಪಟ್ಟಿ ಪಕ್ಕೆಲುಬಿನ ಹಾಗೆ ಕಾಣುತ್ತಿತ್ತು. ಮೂಲೆಯಲ್ಲಿ ನಮ್ಮ ಹಳೆಯ ಹಲಗೆಗಳ ರಾಶಿ. ನೀರು ಕುಡಿದು, ಬಿಸಿಲಲ್ಲಿಟ್ಟ ಹಪ್ಪಳದಂತೆ ಸೊಟ್ಟಗಾಗಿದ್ದವು.

"ನೋಡಿ, ನಾನು ಹೇಳ್ಲಿಲ್ವಾ!" ಎಂದು ವಕೀಲರು ತಿರುಗುವಷ್ಟರಲ್ಲಿ ಹಿಂದಿನ ಗೇಟಿನಲ್ಲಿ ಟೆಂಪೋ ಸದ್ದು. "ಲೋಡ್ ಮಾಡ್ತಿದಾನೆ! ಬನ್ನಿ, ಕೈಗೇ ಸಿಗ್ತಾನೆ!"

ಎಲ್ಲರೂ ಓಡಿದೆವು. ಹಾಲೇಶ ಒಂದು ತುದಿ, ಅವನ ಅಣ್ಣ ಬಡಗಿ ಧರ್ಮಪ್ಪ ಇನ್ನೊಂದು ತುದಿ ಹಿಡಿದು ಹಲಗೆ ಹೊರುತ್ತಿದ್ದರು. ಒಳಕ್ಕೆ.

"ಕದ್ದ ಮಾಲು ವಾಪಸ್ ತರ್ತಿದೀಯಾ?" ವಕೀಲರು ದಾರಿಗೆ ಅಡ್ಡ ನಿಂತರು.

"ಕದ್ದಿದ್ದಲ್ಲ ಸರ್, ನಮ್ಮನೆ ಅಂಕಣದ್ದು."

"ಯಾವುದಯ್ಯಾ ನಿಮ್ಮನೆ ಅಂಕಣ? ಇದು ಸಾರ್ವಜನಿಕರ ಅಂಕಣ!"

"ಅಲ್ಲ ಸರ್, ಮನೆ ಅಂಕಣ ಸರ್, ಅಡುಗೆಮನೆ ಕಡೇದು."

"ಅಡುಗೆಮನೇಲಿ ಶಟಲ್ ಆಡ್ತೀಯಾ?"

ಗುಂಪಿನಲ್ಲಿದ್ದ ವೇದಾವತಿ ಟೀಚರ್ ಹಣೆ ಚಚ್ಚಿಕೊಂಡರು. "ವಿಷ್ಣು, ನಿಮ್ಮ ತಾತನ ಮನೆ ಎಷ್ಟು ಅಂಕಣದ್ದಪ್ಪಾ?"

"ನಾನು ವಿನೋಬನಗರದಲ್ಲಿ ಹುಟ್ಟಿದೋನು ಟೀಚರ್. ಎರಡು ಬೆಡ್‌ರೂಮು, ಒಂದು ಹಾಲು."

"ಅದಕ್ಕೇ. ಹಳೇ ಮನೇಲಿ ಕಂಬದಿಂದ ಕಂಬಕ್ಕೆ ಇರೋ ಜಾಗಕ್ಕೆ ಅಂಕಣ ಅಂತಾರೆ. ಆರಂಕಣದ ಮನೆ, ಎಂಟಂಕಣದ ಮನೆ ಅಂತ ಕೇಳಿಲ್ವಾ? ಅಯ್ಯೋ, ಎರಡರ್ಥ ಬೇಡ ಅಂತ ನಾನೇ ಬರೆಸಿದ್ನಲ್ಲ ಗೋಡೆ ಮೇಲೆ!"

ನಾನೂ ಕೇಳಿರಲಿಲ್ಲ. ಕ್ವಾರ್ಟರ್ಸಿನಲ್ಲಿ ರೂಮುಗಳಿದ್ದವು, ನಂಬರುಗಳಿದ್ದವು. ಅಂಕಣ ಇರಲಿಲ್ಲ.

ಹಲಗೆ ಕೆಳಗಿಟ್ಟು ಧರ್ಮಪ್ಪನೇ ಹೇಳಿದ. ಅಣ್ಣತಮ್ಮಂದಿರು ಪಾಲಾದಾಗ ಹಾಲೇಶನಿಗೆ ಅಡುಗೆಮನೆ ಕಡೆಯ ಎರಡು ಅಂಕಣ ಬಂದಿತ್ತು. ಅದರ ತೊಲೆಗಳನ್ನು ಬಿಚ್ಚಿ, ಇಲ್ಲಿನ ಒಂದು ಹಲಗೆಯನ್ನು ಅಳತೆಗೆ ಒಯ್ದು, ಭದ್ರಾವತಿಯಲ್ಲಿ ಕೊಯ್ಯಿಸಿ, ಮಧ್ಯಾಹ್ನಗಳಲ್ಲಿ ಇಬ್ಬರೂ ಕೂತು ಜೋಡಿಸುತ್ತಿದ್ದರು. ಕಪ್ಪು ಬಣ್ಣ ಅವರಮ್ಮನ ಒಲೆಯ ಹೊಗೆ.

"ಯಾಕಯ್ಯಾ ಇದೆಲ್ಲ?" ವಕೀಲರ ದನಿ ಇಳಿದಿತ್ತು.

"ಆರತಕ್ಷತೆ ದಿನ ಕೂಲರ್‌ಗೆ ನೀರು ಬಿಟ್ಟಿದ್ದೆ ಸರ್. ನಲ್ಲಿ ತಿರುಗಿಸೋದು ಮರೆತು ಬೀಗ ಹಾಕ್ಕೊಂಡು ಹೋದೆ. ಬೆಳಿಗ್ಗೆ ಬಂದು ಕಾರ್ಪೆಟ್ ಎತ್ತಿದ್ರೆ ನೆಲ ಉಬ್ಬಿತ್ತು. ಈ ತಿಂಗಳೇ ಗುತ್ತಿಗೆ ಮುಗಿಯೋದು. ಹೇಳಿದ್ರೆ ಕೆಲಸ ಹೋಗುತ್ತೆ ಅಂತ..."

ಸೋತ ಆಟವನ್ನು ಅಷ್ಟಕ್ಕೇ ಬಿಡುವ ಜನವಲ್ಲ ವಕೀಲರು. "ಕದ್ದಿಲ್ಲ, ಒಪ್ಪಿದೆ. ಆದ್ರೆ ನೀರು ಬಿಟ್ಟಿದ್ದು ನೀನು. ಸಮಿತಿಗೆ ಸುಳ್ಳು ಹೇಳಿದ್ದೂ ನೀನು. ನಾಳೆ ಬೀಗಾನೇ ಮರೆತ್ರೆ? ಕೀ ಹೇಗಪ್ಪಾ ನಿನ್ನ ಕೈಲಿ ಬಿಡೋದು? ಗುತ್ತಿಗೆ ಮುಂದುವರಿಸಕ್ಕೆ ಆಗಲ್ಲ."

ಧರ್ಮಪ್ಪ ತಮ್ಮನ ಹೆಗಲ ಮೇಲೆ ಕೈ ಇಟ್ಟ.

ಮರೆತದ್ದು ತಪ್ಪು. ಮುಚ್ಚಿಟ್ಟದ್ದು ಇನ್ನೂ ತಪ್ಪು. ಆದರೆ ಮನೆಯ ಸೂರನ್ನೇ ಇಳಿಸಿ ತಂದು ತಪ್ಪು ಮುಚ್ಚುವವನು ಇನ್ನೊಮ್ಮೆ ನಲ್ಲಿ ಮರೆಯುವುದಿಲ್ಲ. ಈ ಮಾತನ್ನು ಹೀಗೆಯೇ ಹೇಳಿದರೆ ವಕೀಲರು ಅದಕ್ಕೊಂದು ಎದುರುಮಾತು ಹುಡುಕುತ್ತಾರೆ. ನಾನು ಬೇರೆ ಕಡೆಯಿಂದ ಹೋದೆ.

"ಸರ್, ಕಾನೂನು ನಂಗೊತ್ತಿಲ್ಲ, ನೀವೇ ಹೇಳಿ. ಬಾಡಿಗೆ ಮನೆಯೋನು ಖಾಲಿ ಮಾಡುವಾಗ ಅವನು ಹಾಕ್ಸಿದ ಫ್ಯಾನು ಯಾರದು?"

"ಅವನದೇ. ಬಿಚ್ಕೊಂಡು ಹೋಗ್ಬಹುದು. ಯಾಕೆ?"

"ಈ ಹಲಗೆ ಇವನ ಮನೇದು. ನೀವು ಇವನನ್ನ ಕಳಿಸಿದ್ರೆ ಇವತ್ತೇ ಬಿಚ್ಕೊಂಡು ಹೋಗ್ತಾನೆ, ಟೆಂಪೋ ಹೆಂಗೂ ನಿಂತಿದೆ. ಎರಡು ಅಂಕಣ ಬಿಚ್ಚಿ ಭದ್ರಾವತಿಗೆ ಹಾಕಿದ ಅಂತ ಆಗ ಯಾರ ಮೇಲೆ ಕಂಪ್ಲೇಂಟ್ ಕೊಡ್ತೀರಿ?"

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ವಕೀಲರು ಟೆಂಪೋ ನೋಡಿದರು, ಬಾಯ್ದೆರೆದು ಮಲಗಿದ್ದ ಆರನೇ ಅಂಕಣ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ನೀವು ಕಾಫಿ ಮಾರೋದು ಬಿಟ್ಟು ನಮ್ಮ ಆಫೀಸಿಗೆ ಬನ್ನಿ ಮಾರಾಯ್ತಿ," ಎಂದರು. ಆಮೇಲೆ ಹಾಲೇಶನ ಕಡೆ ತಿರುಗಿ, "ಇಳಿಸ್ಕೋ, ಇಳಿಸ್ಕೋ. ಸಾವಿತ್ರಮ್ಮನ ಹತ್ರ ಬುಧವಾರ ಅಂದಿದ್ಯಂತಲ್ಲ, ಬುಧವಾರವೇ ಮುಗೀಬೇಕು. ಗುತ್ತಿಗೆ ಆಮೇಲೆ ಬರ್ಕೊಡ್ತೀನಿ. ಇನ್ಮೇಲೆ ಇಲ್ಲಿ ಕೂಲರ್ ಬೇಡ, ಬೆವರ್ಲಿ ಮದುವೆಯೋರು," ಎಂದು ತಾವೇ ಒಂದು ಹಲಗೆಯ ತುದಿಗೆ ಕೈ ಹಾಕಿದರು.

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಹಾಲೇಶ ಟೀಗೆ ಬಂದ. ಕೀ ಗೊಂಚಲು ಇನ್ನೂ ಕೌಂಟರಿನ ಮೇಲೇ ಇತ್ತು. ಅವನ ಕಣ್ಣು ಬಿದ್ದದ್ದು ಒಲೆಯ ಪಕ್ಕದ ಚೀಲದ ಮೇಲೆ. ಮೂರ್ತಪ್ಪನ ಸಾಮಿಲ್ಲಿನ ಹೆಸರು ಅದರ ಮೇಲೆ ಅಚ್ಚಾಗಿತ್ತು.

"ಸಾವಿತ್ರಕ್ಕ, ನೀವೂ ನಂಬಿದ್ರಾ?"

ಅವನೆದುರು ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಪೂರ್ತಿ ನಂಬ್ಲಿಲ್ಲ ಕಣೋ. ನೋಡ್ಕೊಂಡು ಬರಕ್ಕೆ ಹೋಗಿದ್ದೆ."

ತಲೆ ಆಡಿಸಿದ. ನಿಂತೇ ಟೀ ಕುಡಿದ. ಕೀ ತೆಗೆದುಕೊಂಡು ಒಳಗೆ ಹೋದ. ಲೋಟ ಇಡುವಾಗ ಕೌಂಟರಿನ ಮೇಲೆ ಒಂದು ಹನಿ ಚೆಲ್ಲಿತ್ತು. ಒರೆಸುವ ಬಟ್ಟೆ ಪಕ್ಕದಲ್ಲೇ ಇತ್ತು. ಅವನು ಅದನ್ನು ಮುಟ್ಟಿರಲಿಲ್ಲ.

ಒಳಗಿನಿಂದ ಸುತ್ತಿಗೆಯ ಸದ್ದು ಶುರುವಾಯಿತು. ನಾನು ಆ ಹನಿಯನ್ನು ಒರೆಸಿದೆ.