ಗಂಟೆಗೆ ಮೂರು ಮುಸ್ಸಂಜೆ

ನಾನು ಒಂದು ಬಾಗಿಲು. ಮರದ್ದು ಎಂದು ಹೇಳಿಕೊಳ್ಳುತ್ತೇನೆ, ಆದರೆ ನನ್ನನ್ನು ಯಾವ ಬಡಿಗನೂ ಮುಟ್ಟಿಲ್ಲ, ಗೆದ್ದಲಿಗೆ ನನ್ನ ವಿಳಾಸ ಗೊತ್ತಿಲ್ಲ. ಗದಗಿನ ಒಂದು ಮನೆಯಲ್ಲಿರುವ ಟ್ಯಾಬಿನೊಳಗೆ, ಒಂದು ಆಟದಲ್ಲಿ ನಾನು ಹುಟ್ಟಿದೆ. ಸ್ಫೂರ್ತಿ ಎಂಬ ಒಂಬತ್ತನೆಯ ತರಗತಿಯ ಹುಡುಗಿ ಬರಿಗೈಯಲ್ಲಿ ಮರವನ್ನು ಗುದ್ದಿ ಗುದ್ದಿ ಕೆಡವಿದಳು, ಆರು ಹಲಗೆ ಮಾಡಿ ಜೋಡಿಸಿದಳು, ನಾನು ಟಪ್ಪೆಂದು ಬಂದು ನಿಂತೆ. ಕಲ್ಲಿನ ಒಂದು ಪುಟ್ಟ ಮನೆಗೆ ನನ್ನನ್ನು ಕೂರಿಸಿದಳು.

ನಮ್ಮ ಲೋಕದ ಕಾನೂನು ಬೇರೆ. ಇಲ್ಲಿ ಇಪ್ಪತ್ತು ನಿಮಿಷಕ್ಕೆ ಒಂದು ದಿನ. ಹತ್ತು ನಿಮಿಷ ಬೆಳಕು, ಆಮೇಲೆ ಸೂರ್ಯ ದೊಪ್ಪನೆ ಬೀಳುತ್ತಾನೆ, ಹತ್ತು ನಿಮಿಷ ಕತ್ತಲೆ. ಕತ್ತಲಾದರೆ ಬೆಳಕಿಲ್ಲದ ನೆಲದಿಂದ ಹಸಿರು ಮುಖದ ಹೆಣಗಳು ಎದ್ದು ಓಡಾಡುತ್ತವೆ. ಸಾಲದ್ದಕ್ಕೆ ಸ್ಫೂರ್ತಿ ಆರಿಸಿಕೊಂಡದ್ದು ಒಂದೇ ಜೀವದ ಆಟ. ಆಡುವವರು ಒಮ್ಮೆ ಸತ್ತರೆ ಗುಡ್ಡ, ಕೆರೆ, ದನ, ಮನೆ, ನಾನು, ಎಲ್ಲವೂ ಅಳಿಸಿಹೋಗಬೇಕು.

ಹಾಗಾಗಿ ಸೂರ್ಯ ಕೆಂಪಗಾಗುವುದೇ ತಡ, ಆ ಹುಡುಗಿ ಓಡಿ ಬಂದು ನನ್ನನ್ನು ಧಡಾರನೆ ಹಾಕುತ್ತಿದ್ದಳು. ಹಾಸಿಗೆಯ ಮೇಲೆ ಬಿದ್ದುಕೊಂಡರೆ ಸಾಕು, ರಾತ್ರಿ ಇಲ್ಲವೇ ಇಲ್ಲ ಎಂಬಂತೆ ಬೆಳಗಾಗುತ್ತಿತ್ತು. ಹೀಗೆ ಹತ್ತು ತಿಂಗಳು ಕಳೆದವು. ನಾನು ರಾತ್ರಿಯನ್ನೇ ಕಂಡಿರಲಿಲ್ಲ. ಬಾಗಿಲೆಂದರೆ ಮುಚ್ಚುವುದಕ್ಕೆ ಇರುವುದು ಎಂದುಕೊಂಡಿದ್ದೆ, ಅದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು.

ಸ್ಫೂರ್ತಿ ಹತ್ತನೆಯ ತರಗತಿಗೆ ಬಂದಳು. ಅವಳಪ್ಪ ವೀರಣ್ಣ ಟ್ಯಾಬನ್ನು ಕಿತ್ತುಕೊಂಡು, ಪರೀಕ್ಷೆ ಮುಗಿಯುವ ತನಕ ಅವಳು ಇದನ್ನು ಮುಟ್ಟಕೂಡದು ಎಂದು ಹೇಳಿ ತನ್ನ ಅಕ್ಕನ ಕೈಗೆ ಕೊಟ್ಟ. ಹೀಗೆ ನಾನು ನೀಲಕ್ಕನ ಪಾಲಿಗೆ ಬಂದೆ. ನೀಲಕ್ಕನಿಗೆ ಐವತ್ತೆರಡು. ಮೂರು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಈ ಮನೆಯ ಹಿಂದಿನ ಕೋಣೆಯಲ್ಲಿ ಇರುತ್ತಿದ್ದಳು. ಟ್ಯಾಬಿನ ಗಾಜು ನನಗೆ ಕಿಟಕಿ, ಅದರ ಕಿವಿಯೇ ನನ್ನ ಕಿವಿ. ಆಕೆಯನ್ನು ನಾನು ಯಾವಾಗಲೂ ಕೆಳಗಿನಿಂದಲೇ ನೋಡಿದ್ದು: ಗದ್ದ, ಕನ್ನಡಕ, ಅದರಾಚೆ ತೊಲೆ.

ಸ್ಫೂರ್ತಿ ಜಾಣೆ. ಮುಟ್ಟಬಾರದು ಎಂದಿದ್ದಾರೆ, ನೋಡಬಾರದು ಎಂದಿಲ್ಲವಲ್ಲ! ಅತ್ತೆಗೆ ಆಟ ಕಲಿಸಿದಳು, ತಾನು ಪುಸ್ತಕ ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಸಾಯಬಾರದು ಎಂಬುದೊಂದೇ ಷರತ್ತು.

ಮೊದಲನೆಯ ದಿನವೇ ಎಡವಟ್ಟಾಯಿತು. ನನ್ನ ಸೂರ್ಯ ಕೆಂಪಗಾದ. ಬಾಗಿಲು ಹಾಕು ಎಂದು ಸ್ಫೂರ್ತಿ ಅವಸರಪಡಿಸಿದಳು. ನೀಲಕ್ಕ ಕನ್ನಡಕದ ಮೇಲಿಂದ ಅವಳನ್ನು ನೋಡಿದಳು.

"ದೀಪಾ ಹಚ್ಚೂ ಹೊತ್ತಿನ್ಯಾಗ ಮುಂದಿನ ಬಾಗ್ಲಾ ಹಾಕ್ತಾರೇನ? ಲಕ್ಷ್ಮಿ ಬರೂ ಹೊತ್ತದು. ಹಾಕೂದು ಹಿತ್ತಲ ಬಾಗ್ಲಾ."

ಮನೆಗೆ ಹಿತ್ತಲ ಬಾಗಿಲೇ ಇರಲಿಲ್ಲ. ಅದು ದೊಡ್ಡ ಕೊರತೆ ಎನಿಸಿ ನೀಲಕ್ಕ ಆರು ಹಲಗೆ ಹುಡುಕಿ ತೆಗೆದು, ಹಿಂದಿನ ಗೋಡೆ ಒಡೆದು, ಒಂದು ಬಾಗಿಲು ಕೂರಿಸಿ, ಅದನ್ನು ಭದ್ರವಾಗಿ ಮುಚ್ಚಿದಳು. ಮುಚ್ಚುವುದಕ್ಕೆಂದೇ ಹುಟ್ಟಿದ ಬಾಗಿಲದು. ಇವತ್ತಿನವರೆಗೆ ಒಮ್ಮೆಯೂ ತೆರೆದಿಲ್ಲ, ಪಾಪ. ಈ ಸಡಗರದಲ್ಲಿ ಪೂರ್ತಿ ಕತ್ತಲಾಗಿತ್ತು, ನಾನು ಹಾರುಹೊಡೆದುಕೊಂಡು ನಿಂತಿದ್ದೆ. ಹಸಿರು ಮುಖದವನೊಬ್ಬ ಹೊಸ್ತಿಲು ದಾಟಿ ಒಳಗೆ ಬಂದ. ಯಾರೋ ಬಂದರಲ್ಲ ಎಂದು ನೀಲಕ್ಕ ಎದುರಿಗೇ ಹೋದಳು. ಅವನು ಬಾರಿಸಿದ. ಆಟದಲ್ಲಿ ಜೀವದ ಲೆಕ್ಕ ತೋರಿಸುವ ಹತ್ತು ಹೃದಯಗಳಲ್ಲಿ ಅರ್ಧ ಹೃದಯ ಮಾತ್ರ ಉಳಿದಾಗ ಸ್ಫೂರ್ತಿ ಅಪ್ಪನ ಮಾತು ಮೀರಿ ಟ್ಯಾಬು ಕಸಿದುಕೊಂಡು, ಅವನನ್ನು ಆಚೆ ತಳ್ಳಿ, ನನ್ನನ್ನು ಹಾಕಿದಳು.

ಹುಡುಗಿ ಅತ್ತೇಬಿಟ್ಟಳು. "ನೀ ಸತ್ರ ಎಲ್ಲಾ ಹೋಗ್ತೈತಿ ಅತ್ತಿ. ಹತ್ತು ತಿಂಗಳ ಕಟ್ಟೀನಿ. ಬಾಗ್ಲಾ ಹಾಕೂದಿದ್ರ ಆಡು, ಇಲ್ಲಾಂದ್ರ ಬಿಡು."

ನಾನು ಹುಡುಗಿಯ ಪಕ್ಷವೇ. ನನ್ನ ತಲೆಯೂ ಉಳಿಯಬೇಕಲ್ಲ. ಆದರೆ ನೀಲಕ್ಕ ಗಾಜನ್ನೇ ನೋಡುತ್ತ ಹೇಳಿದಳು. "ಬಾಗ್ಲಾ ಹಾಕ್ಕೊಂಡು ಒಳಗ ಕುಂದ್ರೂದು ನನಗೇನ ಹೊಸಾದಲ್ಲ. ಇಲ್ಲ್ಯಾದ್ರೂ ತಗದಿರ್ಲಿ."

ಆ ಮಾತು ನನಗೆ ಅರ್ಥವಾಗಲು ಎರಡು ಮೂರು ಸಂಜೆ ಬೇಕಾಯಿತು. ಹೊರಗಿನ ಲೋಕದಲ್ಲಿ ಹೊತ್ತು ಇಳಿಯುತ್ತಿದ್ದಂತೆ ವೀರಣ್ಣನ ಹೆಂಡತಿ ಸುಮಿತ್ರಾ ಕೋಣೆಗೆ ಇಣುಕಿ, ಅಕ್ಕಾರ, ಚೂರು ಒಳಗ ಇರ್ರಿ, ದೀಪಾ ಇಡ್ತೀನಿ ಎನ್ನುತ್ತಿದ್ದಳು. ಒರಟಾಗಿ ಎಂದೂ ಹೇಳಲಿಲ್ಲ. ಹೊಸ್ತಿಲ ದೀಪ ಮುತ್ತೈದೆಯ ಕೆಲಸ, ಆ ಹೊತ್ತಿಗೆ ಗಂಡನಿಲ್ಲದವಳು ಎದುರಿಗಿರಬಾರದು ಎಂಬುದು ಆ ಮನೆಯ ಪದ್ಧತಿ. ಅದನ್ನು ಮಾಡಿಟ್ಟವಳು ನೀಲಕ್ಕನ ಸ್ವಂತ ತಾಯಿ. ಏಳು ವರ್ಷದ ನೀಲಕ್ಕನ ಕೈಹಿಡಿದು ಅದೇ ಹೊಸ್ತಿಲಿನಲ್ಲಿ ದೀಪ ಹಚ್ಚಲು ಕಲಿಸಿದವಳೂ ಆಕೆಯೇ. ಈಗ ಆ ತಾಯಿ ಇಲ್ಲ, ಪದ್ಧತಿ ಮಾತ್ರ ಕಲ್ಲುಗುಂಡಿನ ಹಾಗೆ ಇದೆ. ಸುಮಿತ್ರಾ ಹೋಗುವಾಗ ಕೋಣೆಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋಗುತ್ತಿದ್ದಳು. ಆಗ ನೀಲಕ್ಕ ಟ್ಯಾಬು ತೆಗೆಯುತ್ತಿದ್ದಳು. ಇದನ್ನು ತಿಳಿದ ಮೇಲೆ, ನನ್ನನ್ನು ಅಳಿಸಿದರೆ ಅಳಿಸಲಿ, ನಾನು ಈಕೆಯ ಪಕ್ಷ ಎಂದು ತೀರ್ಮಾನಿಸಿದೆ.

ಬೆಳಕಿದ್ದ ನೆಲದಿಂದ ಹಸಿರು ಮುಖದವರು ಏಳುವುದಿಲ್ಲ ಎಂದು ಸ್ಫೂರ್ತಿ ಬಾಯಿತಪ್ಪಿ ಹೇಳಿದಳು. ನೀಲಕ್ಕನಿಗೆ ಅಷ್ಟು ಸಾಕಾಯಿತು. ಹಗಲೆಲ್ಲ ಗುಡ್ಡ ಅಗೆದು ಕಲ್ಲಿದ್ದಲು ತಂದಳು, ಕೋಲಿಗೆ ಅದನ್ನು ಸೇರಿಸಿ ಪಂಜು ಮಾಡಿದಳು. ಸ್ಫೂರ್ತಿ ಅದನ್ನು ಪಂಜು ಎಂದರೆ ಆಕೆ ಹಣತಿ ಎನ್ನುತ್ತಿದ್ದಳು. ಸೂರ್ಯ ಕೆಂಪಗಾಗುತ್ತಲೇ ಮೊದಲ ಹಣತೆ ನನ್ನ ಹೊಸ್ತಿಲಿಗೆ, ಎರಡನೆಯದು ಅಂಗಳಕ್ಕೆ, ಆಮೇಲೆ ದಿನಕ್ಕೆ ನಾಲ್ಕು ಹೆಜ್ಜೆ ಮುಂದೆ. ಹೊರಗೆ ಆಕೆಗೆ ದಿನಕ್ಕೊಂದು ಮುಸ್ಸಂಜೆಯೂ ದಕ್ಕುತ್ತಿರಲಿಲ್ಲ. ನನ್ನಲ್ಲಿ ಗಂಟೆಗೆ ಮೂರು. ಮೂರಕ್ಕೂ ಆಕೆಯೇ ಯಜಮಾನಿ, ಒಳಗೆ ಇರ್ರಿ ಎನ್ನುವವರು ಇಲ್ಲಿ ಯಾರೂ ಇಲ್ಲ.

ರಾತ್ರಿಯನ್ನು ನುಂಗುತ್ತಿದ್ದ ಆಟದ ಹಾಸಿಗೆಯನ್ನು ಒಡೆದು ಮೂಲೆಗೆ ಎಸೆದಳು. ನಾನು ಮೊಟ್ಟಮೊದಲಿಗೆ ಇಡೀ ರಾತ್ರಿಯನ್ನು ಕಂಡೆ. ನಮ್ಮ ಚಂದ್ರ ಚೌಕಾಕಾರ, ನಿಮ್ಮವನ ಹಾಗಲ್ಲ. ದೂರದಲ್ಲಿ ಹಸಿರು ಮುಖದವರು ಬೆಳಕಿನ ಅಂಚಿಗೆ ನಿಂತು ಗೊರಗೊರ ಎನ್ನುತ್ತಿದ್ದರು. ಹಸರ ಮಾರಿಯಾಂವಾ, ಅಲ್ಲೇ ಇರು ಎಂದು ನೀಲಕ್ಕ ಗದರಿಸುತ್ತಿದ್ದಳು. ಇಂಥದ್ದನ್ನೆಲ್ಲ ನೋಡದೆ ಹತ್ತು ತಿಂಗಳು ಮುಚ್ಚಿಕೊಂಡು ನಿಂತಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಮೂರು ತಿಂಗಳಲ್ಲಿ ಬೆಳಕು ಕೆರೆಯ ಆಚೆ ದಂಡೆ ಮುಟ್ಟಿತು. ಅಷ್ಟೂ ದಿನ ನನ್ನನ್ನು ಒಮ್ಮೆಯೂ ಹಾಕಲಿಲ್ಲ.

ಇನ್ನು ಆ ಸಂಜೆಯ ಮಾತು. ಸುಮಿತ್ರಾ ಹುಬ್ಬಳ್ಳಿಗೆ ಹೋದವಳು ಇನ್ನೂ ಬಂದಿರಲಿಲ್ಲ, ಬಸ್ಸು ತಡವಾಗಿತ್ತು. ವೀರಣ್ಣ ತಾನು ಕೆಲಸ ಮಾಡುವ ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದ. ಅಂದು ಎರಡೂ ಲೋಕದ ಸೂರ್ಯ ಒಟ್ಟಿಗೇ ಕೆಂಪಗಾದರು. ಆಟದಲ್ಲಿ ನೀಲಕ್ಕನ ಪರವಾಗಿ ಓಡಾಡುವ ಬೊಂಬೆ ನನ್ನ ಹೊಸ್ತಿಲಿನೊಳಗೆ ನಿಂತಿತ್ತು. ಆಕೆ ತಲೆಯೆತ್ತಿ ಕಿವಿಗೊಟ್ಟಳು. ಹೊರಗೆ ಕಡ್ಡಿ ಗೀರಿದ ಸದ್ದಿಲ್ಲ.

ಇವತ್ತು ದೀಪ ಯಾರು ಇಡುತ್ತಾರೆ ಎಂದು ಕೇಳಿದಳು. ನಾನು ಇಡಲೇ ಎಂದಳು ಸ್ಫೂರ್ತಿ. ನೀಲಕ್ಕ ಸೆರಗು ಸರಿಮಾಡಿಕೊಂಡಳು. ಆಮೇಲೆ ಟ್ಯಾಬನ್ನು ಮಂಚದ ಮೇಲೆ ಅಂಗಾತ ಇಟ್ಟು ಎದ್ದಳು.

"ಅತ್ತಿ, ಬಾಗ್ಲಾ!" ಎಂದು ಸ್ಫೂರ್ತಿ ನನ್ನ ಕಡೆ ಕೈಮಾಡಿದಳು.

"ತಗದಿರ್ಲಿ. ನೀ ಎಣ್ಣಿ ತೊಗೊಂಡು ಬಾ."

ಇಬ್ಬರೂ ಹೋದರು. ಕೋಣೆಯ ಬಾಗಿಲನ್ನೂ ತೆರೆದಿಟ್ಟೇ ಹೋದರು. ಆಡುವವರು ಎದ್ದುಹೋದರೂ ನಮ್ಮ ಲೋಕ ನಿಲ್ಲುವುದಿಲ್ಲ, ಹೊತ್ತು ಓಡುತ್ತಲೇ ಇರುತ್ತದೆ. ಬೊಂಬೆ ಕೈಕಾಲು ಆಡಿಸದೆ ನಿಂತಿತ್ತು. ಕೆರೆಯಾಚೆಯ ಕತ್ತಲಲ್ಲಿ ಹುಟ್ಟಿದ ಒಬ್ಬ ಅದನ್ನು ಕಂಡ. ಹಣತೆಗಳ ನಡುವೆ ಕಾಲೆಳೆಯುತ್ತ ಹೊರಟ. ಬೆಳಕಿನಲ್ಲಿ ಅವನು ಹುಟ್ಟಲಾರ, ಆದರೆ ನಡೆದು ಬರಬಲ್ಲ. ಹೊಡೆದರೆ ತಡೆಯುವವರಿಲ್ಲ, ಹದಿಮೂರು ತಿಂಗಳ ಲೋಕ ಅಷ್ಟಕ್ಕೆ ಮುಗಿಯಿತು. ನನಗೆ ನಾನೇ ಮುಚ್ಚಿಕೊಳ್ಳಲು ಬರುವುದಿಲ್ಲ. ಬಂದಿದ್ದರೂ ಮುಚ್ಚಿಕೊಳ್ಳುತ್ತಿರಲಿಲ್ಲ, ಇದು ಸತ್ಯ.

ಅತ್ತ ಕಡ್ಡಿ ಗೀರಿದ ಸದ್ದು ಕೇಳಿಸಿತು. ಮೊದಲ ಕಡ್ಡಿ ಆರಿತೇನೋ, ಇನ್ನೊಂದು ಗೀರಿದಳು. ಸ್ವಲ್ಪ ಹೊತ್ತಿಗೆ ಗೇಟಿನ ಸದ್ದು, ಸುಮಿತ್ರಾಳ ಚಪ್ಪಲಿಯ ಸದ್ದು. ಅದು ಮೆಟ್ಟಿಲ ಬಳಿ ನಿಂತಿತು. ಇದನ್ನು ಯಾರು ಹಚ್ಚಿದರು ಎಂದು ಕೇಳಿದಳು.

"ನಾನು," ಎಂದಳು ನೀಲಕ್ಕ.

"ಅಕ್ಕಾರ, ನಿಮಗ ಗೊತ್ತೈತಲ್ಲ..."

"ಗೊತ್ತೈತಿ. ಬ್ಯಾಡಾಗಿದ್ರ ಆರಸು."

ಆ ಮನೆಯಲ್ಲಿ ಯಾರೂ ಆ ಮಾತನ್ನು ಆಡುವುದಿಲ್ಲ. ದೀಪ ದೊಡ್ಡದು ಮಾಡು ಎನ್ನುತ್ತಾರೆಯೇ ಹೊರತು ಆರಿಸು ಎಂದು ಬಾಯಿಬಿಟ್ಟು ಅನ್ನುವುದಿಲ್ಲ. ಅದರಲ್ಲೂ ಮುಸ್ಸಂಜೆಯಲ್ಲಿ ಹೊಸ್ತಿಲ ದೀಪವನ್ನು ಆರಿಸುವ ಗಟ್ಟಿಗಿತ್ತಿ ಎಲ್ಲಿದ್ದಾಳೆ? ನೀಲಕ್ಕನ ತಾಯಿ ಮಾಡಿಟ್ಟ ಪದ್ಧತಿ ಮುರಿದದ್ದು ಆಗಿಹೋಗಿತ್ತು, ಅದನ್ನು ಸರಿಮಾಡಲು ಹೋದರೆ ಅದಕ್ಕಿಂತ ದೊಡ್ಡದನ್ನು ಮುರಿಯಬೇಕು. ಸುಮಿತ್ರಾ ಚಪ್ಪಲಿ ಬಿಟ್ಟ ಸದ್ದಾಯಿತು. ಹಸಿರು ಮುಖದವನು ನನ್ನ ಅಂಗಳಕ್ಕೆ ಬಂದಿದ್ದ. ಎರಡೂ ಕೈ ಮುಂದೆ ಚಾಚಿ ಹೊಸ್ತಿಲಿಗೆ ಕಾಲಿಟ್ಟ.

"ಎಣ್ಣಿ ಕಡಿಮಿ ಹಾಕೀರಿ," ಎಂದಳು ಸುಮಿತ್ರಾ ಕೊನೆಗೆ. "ರಾತ್ರಿ ಮಟಾ ಸಾಲಂಗಿಲ್ಲ."

ಎಣ್ಣೆಯ ತಂಬಿಗೆ ಕಲ್ಲಿಗೆ ತಾಗಿದ ಸದ್ದು ಕೇಳಿತು. ಅದೇ ಹೊತ್ತಿಗೆ ನಮ್ಮ ಗುಡ್ಡದ ಹಿಂದಿನಿಂದ ಸೂರ್ಯ ಎದ್ದ. ಹಗಲಿನ ಬಿಸಿಲು ಬಿದ್ದರೆ ಹಸಿರು ಮುಖದವರು ಉರಿದುಹೋಗುತ್ತಾರೆ. ನನ್ನ ಹೊಸ್ತಿಲಿನ ಮೇಲೆಯೇ ಅವನು ಭಗ್ಗೆಂದ. ನನಗೆ ಒಂದು ಕಲೆಯೂ ಆಗಲಿಲ್ಲ.

ನೀಲಕ್ಕ ಮರಳಿ ಬಂದು ಟ್ಯಾಬನ್ನು ಎತ್ತಿಕೊಂಡಳು. ಆಕೆಯ ಬೆರಳಿನ ಎಣ್ಣೆ ಗಾಜಿಗೆ ಮೆತ್ತಿಕೊಂಡಿತು. ಹೃದಯ ಹತ್ತಕ್ಕೆ ಹತ್ತೂ ಇದ್ದದ್ದನ್ನು ಕಂಡು ಸ್ಫೂರ್ತಿ ನಕ್ಕಳು. ನೀಲಕ್ಕ ಅತ್ತಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಾಜನ್ನು ಮಾತ್ರ ಒರೆಸಲಿಲ್ಲ.

ಆಮೇಲಿಂದ ಆಕೆ ನನ್ನ ಬಳಿಗೆ ಬರುವುದು ಕಡಿಮೆಯಾಯಿತು. ಆ ಹೊತ್ತಿಗೆ ಆಕೆಗೆ ಬೇರೆ ಕೆಲಸವಿತ್ತು. ಒಂದು ದಿನ ಸುಮಿತ್ರಾ, ಒಂದು ದಿನ ನೀಲಕ್ಕ, ಕೆಲವು ದಿನ ಇಬ್ಬರೂ ವಾದ ಮಾಡಿಕೊಂಡು ಹೊಸ್ತಿಲ ದೀಪ ಹಚ್ಚುತ್ತಿದ್ದರು. ಸ್ಫೂರ್ತಿ ಪಾಸಾಗಿ ಕಾಲೇಜು ಸೇರಿದಳು, ಅವಳಿಗೆ ಹೊಸ ಆಟಗಳು ಬಂದವು. ಟ್ಯಾಬಿನ ಮೂಲೆ ಬಿರುಕುಬಿಟ್ಟಿತು, ಬ್ಯಾಟರಿ ಹೊಟ್ಟೆಯುಬ್ಬಿಸಿಕೊಂಡಿತು. ಕೊನೆಯ ಸಲ ನೀಲಕ್ಕ ಬಂದಾಗ ಸೂರ್ಯ ಕೆಂಪಗಿದ್ದ. ಹೊಸ್ತಿಲಿನ ಹಣತೆ ನೋಡುತ್ತ ಕೂತಿದ್ದಂತೆಯೇ ಚಾರ್ಜು ಮುಗಿದು ಗಾಜು ಕಪ್ಪಾಯಿತು. ಮತ್ತೆ ಹೊತ್ತಿಕೊಳ್ಳಲಿಲ್ಲ.

ಈಗ ನಾನು ಅಟ್ಟದ ಮೇಲೆ, ಹಳೆಯ ಕ್ಯಾಲೆಂಡರುಗಳ ನಡುವೆ ಇದ್ದೇನೆ. ಒಂದು ದಿನ ಯಾರೋ ಗುಜರಿಯವನಿಗೆ ಕೊಡುತ್ತಾರೆ, ಕೊಡಲಿ. ನನ್ನ ಲೋಕದಲ್ಲಿ ಹೊತ್ತು ನಿಂತಲ್ಲೇ ನಿಂತಿದೆ, ಸೂರ್ಯ ಅರ್ಧ ಮುಳುಗಿದ್ದಾನೆ. ಒಳ್ಳೆಯ ಜಾಗದಲ್ಲೇ ನಿಂತಿತು ಎನ್ನುತ್ತೇನೆ. ಹಿತ್ತಲ ಬಾಗಿಲು ಹಾಕಿದೆ. ನಾನು ತೆರೆದೇ ಇದ್ದೇನೆ.